ಬೊಜ್ಜಿನ ಆಪರೇಷನ್ ಆಗಿ ಮನೆಗೆ ಬಂದಮೇಲೆ ಯಾವುದು ಮಾಮೂಲು, ಯಾವುದು ಅಪಾಯ?

“ಆ ಆಪರೇಷನ್ ಆದವರಿಗೆ ವಾಂತಿ ಆಗೋದು ಮಾಮೂಲು, ಹೆದರಬೇಡಿ.”

“ಒಂದು ತಿಂಗಳು ಮಂಚ ಬಿಟ್ಟು ಇಳಿಯಬಾರದು.”

“ಕೂದಲು ಉದುರೋಕೆ ಶುರುವಾದರೆ ಆಪರೇಷನ್ ಕೆಟ್ಟಿತು ಅಂತಲೇ ಅರ್ಥ.”

“ಮೂರು ತಿಂಗಳು ಮಾತ್ರೆ ತಗೊಂಡರೆ ಸಾಕು, ಆಮೇಲೆ ಬೇಡ.”

ಮನೆಯಲ್ಲಿ ಯಾರಿಗಾದರೂ ತೂಕ ಇಳಿಸುವ ಸರ್ಜರಿ ಆಗಿದೆ ಎಂದು ಗೊತ್ತಾದ ಕೂಡಲೇ ಇಂಥ ಸಲಹೆಗಳು ಬರತೊಡಗುತ್ತವೆ. ನೋಡಲು ಬಂದ ನೆಂಟರು ಹೇಳುತ್ತಾರೆ, ಫ್ಯಾಮಿಲಿ ಗ್ರೂಪಿನಲ್ಲಿ ಫಾರ್ವರ್ಡ್ ಆಗುತ್ತವೆ. ಮೇಲಿನ ನಾಲ್ಕೂ ಮಾತು ತಪ್ಪು. ಕೂದಲಿನ ಮಾತು ಸುಮ್ಮನೆ ಹೆದರಿಸುತ್ತದೆ, ಅಷ್ಟೆ. ಉಳಿದ ಮೂರನ್ನು ನಂಬಿದರೆ ಜೀವಕ್ಕೋ ನರಗಳಿಗೋ ಅಪಾಯ.

ಈ ಆಪರೇಷನ್ ಆದವರು ಸಾಮಾನ್ಯವಾಗಿ ಎರಡು ಮೂರು ದಿನದಲ್ಲೇ ಡಿಸ್ಚಾರ್ಜ್ ಆಗುತ್ತಾರೆ. ಗಾಯ ಮಾಯುವುದು, ಊಟ ಕಲಿಯುವುದು, ತೊಂದರೆ ಕಾಣಿಸಿಕೊಂಡರೆ ಗುರುತಿಸುವುದು ಎಲ್ಲವೂ ಮನೆಯಲ್ಲೇ ಆಗಬೇಕು. ಹಾಗಾಗಿ ಈ ಲೇಖನವನ್ನು ಆಪರೇಷನ್ ಆದವರ ಜೊತೆಗೆ ಅವರಿಗೆ ಅಡುಗೆ ಮಾಡಿ ಹಾಕುವವರೂ ಓದಲಿ ಎಂಬುದು ನಮ್ಮ ಆಸೆ.

ಒಳಗೆ ಏನು ಬದಲಾಗಿದೆ?

ಹೆಚ್ಚಾಗಿ ಮಾಡುವ ಸರ್ಜರಿಗಳು ಎರಡು. ಒಂದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಇದರಲ್ಲಿ ಜಠರದ ಸುಮಾರು ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಇನ್ನೊಂದು ಗ್ಯಾಸ್ಟ್ರಿಕ್ ಬೈಪಾಸ್. ಇದರಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿ ಲೀಟರ್ ಹಿಡಿಯುವ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಸರ್ಜನ್ 1966ರಲ್ಲಿ ಬೈಪಾಸ್ ವಿಧಾನವನ್ನು ಆರಂಭಿಸಿದರು.

ಎರಡರಲ್ಲೂ ಜಾಗ ಕಿರಿದಾಗುವುದರ ಜೊತೆಗೆ ಹಸಿವಿನ ರಾಸಾಯನಿಕಗಳೂ ಬದಲಾಗುತ್ತವೆ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಸ್ಲೀವ್‌ನಲ್ಲಿ ತೆಗೆದುಹಾಕುವ ಭಾಗದಲ್ಲೇ. ಆದ್ದರಿಂದ “ಇವರಿಗೆ ಬಾಯಿ ಕಟ್ಟಲಾಗಲಿಲ್ಲ, ಅದಕ್ಕೇ ಅಡ್ಡದಾರಿ ಹಿಡಿದರು” ಎನ್ನುವುದು ಸರಿಯಲ್ಲ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿತು. ಸರ್ಜರಿ ಆದವರಲ್ಲಿ ಸಾವಿನ ಪ್ರಮಾಣ ಕಡಿಮೆ ಇದ್ದದ್ದು ಅದರಲ್ಲಿ ಕಂಡುಬಂತು. ಸರ್ಜರಿಯ ಲಾಭ ನಿಜ. ಆದರೆ ಆ ಲಾಭ ಕೈಗೆ ಸಿಗಬೇಕಾದರೆ ಮನೆಯ ಆರೈಕೆ ಸರಿಯಾಗಿರಬೇಕು.

ಮೊದಲ ಆರು ವಾರ: ಗುಟುಕು ಗುಟುಕಾಗಿ

ಕತ್ತರಿಸಿದ ಜಾಗವನ್ನು ಸಾಲು ಸಾಲು ಸ್ಟೇಪಲ್ ಪಿನ್‌ಗಳಿಂದ ಮುಚ್ಚಿರುತ್ತಾರೆ. ಅದು ಗಟ್ಟಿಯಾಗಿ ಮಾಯಲು ವಾರಗಳು ಬೇಕು. ಹಾಗಾಗಿ ಊಟ ಮೆಟ್ಟಿಲು ಮೆಟ್ಟಿಲಾಗಿ ಮುಂದೆ ಹೋಗುತ್ತದೆ. ಮೊದಲ ಒಂದೆರಡು ದಿನ ತಿಳಿಯಾದ ದ್ರವ. ಎರಡು ವಾರದವರೆಗೆ ಹಾಲು, ಮಜ್ಜಿಗೆ, ಸೂಪಿನಂಥ ದ್ರವ. ನಂತರ ನುಣ್ಣಗೆ ಅರೆದದ್ದು. ನಾಲ್ಕನೇ ವಾರದ ಹೊತ್ತಿಗೆ ಮೆತ್ತಗೆ ಬೇಯಿಸಿದ್ದು. ಸುಮಾರು ಆರು ವಾರದ ಮೇಲೆ ಮನೆಯ ಊಟ. ಆಸ್ಪತ್ರೆಯಿಂದ ಆಸ್ಪತ್ರೆಗೆ ದಿನಗಳ ಲೆಕ್ಕದಲ್ಲಿ ವ್ಯತ್ಯಾಸ ಇರುತ್ತದೆ. ನಿಮಗೆ ಕೊಟ್ಟ ಚೀಟಿಯಲ್ಲಿ ಇರುವುದೇ ನಿಮ್ಮ ಲೆಕ್ಕ. “ನನಗೆ ಹತ್ತನೇ ದಿನಕ್ಕೇ ಇಡ್ಲಿ ಕೊಟ್ಟಿದ್ದರು” ಎಂದು ಬೇರೆಯವರು ಹೇಳಿದರೂ ನೀವು ಬದಲಿಸಬೇಡಿ.

ಈ ದಿನಗಳಲ್ಲಿ ಜನ ಮತ್ತೆ ಆಸ್ಪತ್ರೆಗೆ ಹೋಗಬೇಕಾಗಿ ಬರುವ ಸಾಮಾನ್ಯ ಕಾರಣಗಳಲ್ಲಿ ಒಂದು ನೀರು ಸಾಲದೇ ಹೋಗುವುದು. ದಿನಕ್ಕೆ ಒಂದೂವರೆ ಲೀಟರ್ ದ್ರವ ಬೇಕು, ಆದರೆ ಒಂದೇ ಸಲ ಒಂದು ಲೋಟ ಕುಡಿಯಲು ಆಗುವುದಿಲ್ಲ. ಇದಕ್ಕೊಂದು ಸುಲಭದ ಲೆಕ್ಕ ಇದೆ. 30 ಮಿಲಿ ಲೀಟರ್‌ನ ಚಿಕ್ಕ ಅಳತೆ ಲೋಟದಲ್ಲಿ ಕಾಲು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಗುಟುಕರಿಸಿದರೆ 14 ಗಂಟೆಯಲ್ಲಿ 1,680 ಮಿಲಿ ಲೀಟರ್ ಆಗುತ್ತದೆ. ಮೂತ್ರ ಕಡು ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲ ಎಂದರ್ಥ. ಬಾಣಂತಿಯರಿಗೆ ನೀರು ಕಡಿಮೆ ಕೊಡುವ ಹಳೆಯ ರೂಢಿ ಕೆಲವು ಮನೆಗಳಲ್ಲಿ ಇನ್ನೂ ಇದೆ. ಅದನ್ನು ಇಲ್ಲಿಗೆ ತರಲೇಬೇಡಿ.

ಘನ ಆಹಾರ ಶುರುವಾದಮೇಲೆ ಊಟದ ಜೊತೆ ನೀರು ಬೇಡ. ಊಟ ಮುಗಿದು ಅರ್ಧ ಗಂಟೆಯಾದ ಮೇಲೆ ಕುಡಿಯಿರಿ. ಸೋಡಾ, ಕೋಲಾದಂಥ ಗ್ಯಾಸ್ ತುಂಬಿದ ಪಾನೀಯ ಬೇಡವೇ ಬೇಡ.

ಗಂಜಿ ಕುಡಿದರೆ ಸಾಕೇ?

ಕಾಯಿಲೆಯವರಿಗೆ ಗಂಜಿ, ತಿಳಿಸಾರು ಕೊಡುವುದು ನಮ್ಮ ಮನೆಗಳ ಪದ್ಧತಿ. ಗಂಜಿಯಲ್ಲಿ ಕೆಟ್ಟದ್ದೇನೂ ಇಲ್ಲ, ಆದರೆ ಇಲ್ಲಿ ಅದು ಸಾಲುವುದಿಲ್ಲ. ಗಾಯ ಮಾಯಲು, ಸ್ನಾಯು ಕರಗದಂತೆ ನೋಡಿಕೊಳ್ಳಲು ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ಎರಡು ಚಮಚ, ಅಂದರೆ ಸುಮಾರು 20 ಗ್ರಾಂ ರಾಗಿ ಹಿಟ್ಟು ಹಾಕಿ ಮಾಡಿದ ಒಂದು ಲೋಟ ಗಂಜಿಯಲ್ಲಿ ಇರುವುದು ಹೆಚ್ಚೆಂದರೆ ಒಂದೂವರೆ ಗ್ರಾಂ. ಗಂಜಿಯೊಂದರಿಂದಲೇ 60 ಗ್ರಾಂ ಮುಟ್ಟಬೇಕಾದರೆ 40 ಲೋಟ ಕುಡಿಯಬೇಕು! ಸೋಸಿದ ಬೇಳೆ ಕಟ್ಟಿನ ಕಥೆಯೂ ಅದೇ. ಪ್ರೋಟೀನಿನ ಹೆಚ್ಚಿನ ಭಾಗ ಕೆಳಗೆ ಉಳಿದ ಬೇಳೆಯಲ್ಲೇ ಇರುತ್ತದೆ.

ಹಾಗಾದರೆ ಎಲ್ಲಿಂದ ತರುವುದು? ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 200 ಮಿಲಿ ಲೀಟರ್ ಹಾಲಿನಲ್ಲಿ ಸುಮಾರು 6 ಗ್ರಾಂ, 100 ಗ್ರಾಂ ಪನೀರಿನಲ್ಲಿ ಸುಮಾರು 18 ಗ್ರಾಂ ಪ್ರೋಟೀನ್ ಇದೆ. ಕೆನೆ ತೆಗೆದ ಹಾಲಿನ ಪುಡಿ 15 ಗ್ರಾಂ ಬೆರೆಸಿದರೆ ಸುಮಾರು 5 ಗ್ರಾಂ ಸೇರುತ್ತದೆ. ಮೀನು, ಕೋಳಿ ತಿನ್ನುವವರಿಗೆ ಮೆತ್ತನೆಯ ಹಂತ ಬಂದಮೇಲೆ ಕಷ್ಟವಿಲ್ಲ. ಮೊದಲ ವಾರಗಳಲ್ಲಿ ವೈದ್ಯರು ಪ್ರೋಟೀನ್ ಪುಡಿ ಬರೆದುಕೊಡುವುದು ಇದೇ ಕಾರಣಕ್ಕೆ. “ಅದೆಲ್ಲ ಕೆಮಿಕಲ್, ಬೇಡ” ಎಂದು ಡಬ್ಬಿಯನ್ನು ಮೂಲೆಗೆ ಸೇರಿಸಬೇಡಿ. ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಕೊನೆಗೆ ಜಾಗ ಉಳಿದರೆ ಅನ್ನ ಎಂಬುದು ನೆನಪಿಡಲು ಸುಲಭದ ಸೂತ್ರ.

ಮುದ್ದೆ, ಪಾಯಸ, ಚಕ್ಕುಲಿ

ಮುದ್ದೆಯನ್ನು ನಾವು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಆದರೆ ಕಿರಿದಾದ ಹೊಟ್ಟೆಗೆ ಪ್ರತಿ ತುತ್ತೂ ನುಣ್ಣಗಾಗಿಯೇ ಇಳಿಯಬೇಕು. ಅಂಟಂಟಾದ ದೊಡ್ಡ ತುತ್ತು ಇಳಿಯದೆ ನಿಂತರೆ ಎದೆ ಬಿಗಿದು ನೋವು, ಬಾಯಲ್ಲಿ ನೊರೆ, ವಾಂತಿ ಬರಬಹುದು. ಆದ್ದರಿಂದ ಮುದ್ದೆ, ಅಂಟು ಅನ್ನ, ಮೆತ್ತನೆಯ ಬ್ರೆಡ್ ಇವನ್ನೆಲ್ಲ ತಡವಾಗಿ, ವೈದ್ಯರನ್ನು ಕೇಳಿಯೇ ಶುರುಮಾಡಿ. ಚಿಕ್ಕ ಚಮಚ, ಚಿಕ್ಕ ತಟ್ಟೆ, ಅರ್ಧ ಗಂಟೆ ಸಮಯ. ಸಾಕು ಅನಿಸಿದ ಕ್ಷಣ ಕೈ ತೊಳೆಯಬೇಕು. “ಇನ್ನೊಂದು ತುತ್ತು ತಿನ್ನು” ಎಂದು ಯಾರೂ ಒತ್ತಾಯ ಮಾಡಬಾರದು.

ಪಾನಕ, ಪಾಯಸ, ಹಣ್ಣಿನ ಜ್ಯೂಸು ಬೇಗ ಕರುಳಿಗೆ ಇಳಿದು ‘ಡಂಪಿಂಗ್’ ಎಂಬ ತೊಂದರೆ ತರಬಹುದು. ಬೈಪಾಸ್ ಆದವರಲ್ಲಿ ಇದು ಹೆಚ್ಚು. ಸಿಹಿ ತಿಂದ ಅರ್ಧ ಗಂಟೆಯೊಳಗೆ ಬೆವರು, ಎದೆ ಡವಡವ, ಹೊಟ್ಟೆ ಹಿಂಡಿದಂತಾಗುವುದು, ಭೇದಿ ಇದರ ಲಕ್ಷಣ. ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ಸಕ್ಕರೆ ಅಂಶ ಕುಸಿದು ತಲೆ ಸುತ್ತುತ್ತದೆ. ಚಕ್ಕುಲಿ, ಬಿಸ್ಕತ್ತು, ಮಿಕ್ಸ್ಚರ್‌ಗಳದು ಇನ್ನೊಂದು ಬಗೆಯ ತೊಂದರೆ. ಅವು ಬಾಯಲ್ಲೇ ಪುಡಿಯಾಗಿ ಸಲೀಸಾಗಿ ಇಳಿಯುತ್ತವೆ, ಹೊಟ್ಟೆ ತುಂಬಿದ ಹಾಗೆ ಅನಿಸುವುದೇ ಇಲ್ಲ. ಇಳಿದ ತೂಕ ವರ್ಷಗಳ ಮೇಲೆ ಮತ್ತೆ ಏರುವುದಕ್ಕೆ ಇಂಥ ತಿಂಡಿಯೂ ದಾರಿಯಾಗುತ್ತದೆ.

ಮಂಚ ಬಿಟ್ಟು ಇಳಿಯಬಾರದೇ?

ಇಳಿಯಲೇಬೇಕು. ಅಲುಗಾಡದೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ತೂಕ ಹೆಚ್ಚಿರುವವರಿಗೆ ಈ ಅಪಾಯ ಮೊದಲೇ ಹೆಚ್ಚು, ಜೊತೆಗೆ ಆಪರೇಷನ್ ಬೇರೆ. ಹೆಪ್ಪುಗಟ್ಟುವ ಪ್ರಕರಣಗಳಲ್ಲಿ ಬಹುಪಾಲು ಕಾಣಿಸಿಕೊಳ್ಳುವುದು ಮನೆಗೆ ಬಂದ ನಂತರವೇ.

ಆದ್ದರಿಂದ ಎಚ್ಚರವಿರುವಾಗ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ. ರಕ್ತ ತೆಳುವಾಗಿಸುವ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಒಂದು ದಿನವೂ ತಪ್ಪಿಸಬೇಡಿ. ಭಾರ ಎತ್ತುವುದು, ನೀರಿನ ಬಿಂದಿಗೆ, ಗ್ಯಾಸ್ ಸಿಲಿಂಡರ್ ಸರಿಸುವುದು ಮಾತ್ರ ವೈದ್ಯರು ಹೇಳುವವರೆಗೆ ಬೇಡ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ನಾಡಿ ಎಣಿಸಲು ಕಲಿಯಿರಿ

ಅಪರೂಪಕ್ಕೆ ಸ್ಟೇಪಲ್ ಹಾಕಿದ ಜಾಗದಲ್ಲಿ ಸೋರಿಕೆ ಆಗುತ್ತದೆ. ಜ್ವರ ಬರುವ ಮೊದಲೇ, ಹೊಟ್ಟೆ ನೋವು ಜೋರಾಗುವ ಮೊದಲೇ ದೇಹ ಒಂದು ಸುಳಿವು ಕೊಡುವುದುಂಟು. ಅದೇ ನಾಡಿ ಬಡಿತ ಏರುವುದು. ಕೋವಿಡ್ ಸಮಯದಲ್ಲಿ ಬೆರಳಿಗೆ ಹಾಕಲೆಂದು ತಂದ ಆಕ್ಸಿಮೀಟರ್ ಮನೆಯಲ್ಲಿದ್ದರೆ ಹೊರಗೆ ತೆಗೆಯಿರಿ. ಅದರಲ್ಲಿ ಆಮ್ಲಜನಕದ ಜೊತೆ ನಾಡಿಯ ಲೆಕ್ಕವೂ ಬರುತ್ತದೆ. ಇಲ್ಲದಿದ್ದರೆ ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿ.

ಹತ್ತು ನಿಮಿಷ ಸುಮ್ಮನೆ ಕುಳಿತ ಮೇಲೆ ಎಣಿಸಿದರೆ 60ರಿಂದ 100ರ ಒಳಗೆ ಇರಬೇಕು. ಹಾಗೆ ಕುಳಿತಾಗಲೂ 100 ದಾಟಿಯೇ ಇದ್ದರೆ ವೈದ್ಯರಿಗೆ ಫೋನ್ ಮಾಡಿ. 120 ದಾಟಿದರೆ ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ. ಬಿಪಿಗೆ ಅಥವಾ ಹೃದಯಕ್ಕೆಂದು ಕೆಲವು ಮಾತ್ರೆ ತೆಗೆದುಕೊಳ್ಳುವವರಲ್ಲಿ ಸೋರಿಕೆ ಇದ್ದರೂ ನಾಡಿ ಏರದೇ ಇರಬಹುದು. ಅವರು ನೋವು, ಜ್ವರ, ಉಸಿರಾಟದ ಮೇಲೆ ಹೆಚ್ಚು ಗಮನ ಇಡಬೇಕು.

ಮೊದಲ ಎರಡು ಮೂರು ದಿನ ಭುಜ ನೋಯುವುದು ಮಾಮೂಲು. ಆಪರೇಷನ್ ವೇಳೆ ಹೊಟ್ಟೆಯೊಳಗೆ ತುಂಬಿದ ಗ್ಯಾಸ್ ಅದಕ್ಕೆ ಕಾರಣ. ಓಡಾಡಿದರೆ ಕಡಿಮೆಯಾಗುತ್ತದೆ. ಆದರೆ ವಾರದ ಮೇಲೆ ಹೊಸದಾಗಿ ಎಡ ಭುಜ ನೋಯತೊಡಗಿ, ಜೊತೆಗೆ ಜ್ವರ ಅಥವಾ ವೇಗದ ನಾಡಿ ಇದ್ದರೆ ಅದು ಮಾಮೂಲಲ್ಲ.

ವಾಂತಿ ಯಾಕೆ ಮಾಮೂಲಲ್ಲ?

ಅವಸರದಲ್ಲಿ ತಿಂದು ಒಮ್ಮೆ ವಾಂತಿಯಾದರೆ ಗಾಬರಿ ಬೇಡ. ಆದರೆ ದಿನವೂ ವಾಂತಿ, ಏನೂ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ ಎಂದರೆ ಅದಕ್ಕೆ ಕಾರಣ ಹುಡುಕಲೇಬೇಕು. ದಾರಿ ಕಿರಿದಾಗಿರಬಹುದು, ಹುಣ್ಣಾಗಿರಬಹುದು. ಇದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದ್ದು. ಅದು ಥಯಮಿನ್, ಅಂದರೆ ಬಿ1 ವಿಟಮಿನ್ನಿನ ಕೊರತೆ.

ಥಯಮಿನ್ ನಮ್ಮ ದೇಹದಲ್ಲಿ ಎರಡು ಮೂರು ವಾರಕ್ಕೆ ಆಗುವಷ್ಟು ಮಾತ್ರ ಸಂಗ್ರಹ ಇರುತ್ತದೆ. ತಿನ್ನುವುದೇ ಕಡಿಮೆ, ತಿಂದದ್ದೂ ವಾಂತಿ ಎಂದಾದರೆ ಅದು ಬೇಗ ಖಾಲಿಯಾಗುತ್ತದೆ. ಆಗ ಮಿದುಳಿಗೆ ಪೆಟ್ಟು ಬೀಳುತ್ತದೆ. ಎರಡೆರಡು ಕಾಣುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲವಾಗುವುದು ಇದರ ಲಕ್ಷಣ. ಮೂರೂ ಒಟ್ಟಿಗೆ ಬರಬೇಕೆಂದಿಲ್ಲ. ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ 1881ರಲ್ಲಿ ಇದನ್ನು ವಿವರಿಸಿದ್ದರಿಂದ ಅವರ ಹೆಸರಿನಿಂದಲೇ ಕರೆಯುತ್ತಾರೆ. ಬೇಗ ಥಯಮಿನ್ ಇಂಜೆಕ್ಷನ್ ಕೊಟ್ಟರೆ ಚೇತರಿಸಿಕೊಳ್ಳಬಹುದು. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು, ಸಾವೂ ಬರಬಹುದು.

ಇಲ್ಲಿ ನಮ್ಮ ಊರುಗಳ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಸುಸ್ತು, ವಾಂತಿ ಎಂದರೆ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಂಡು ಬರುತ್ತೇವೆ. ಗ್ಲೂಕೋಸನ್ನು ಬಳಸಿಕೊಳ್ಳಲು ದೇಹಕ್ಕೆ ಥಯಮಿನ್ ಬೇಕು. ಥಯಮಿನ್ ಖಾಲಿಯಾದ ದೇಹಕ್ಕೆ ಬರೀ ಗ್ಲೂಕೋಸ್ ಹೋದರೆ ಉಳಿದ ಚೂರೂ ಖರ್ಚಾಗಿ ಮಿದುಳಿನ ತೊಂದರೆ ಒಮ್ಮೆಲೇ ಹೆಚ್ಚಬಹುದು. ಹಾಗಾಗಿ ಯಾವ ಕ್ಲಿನಿಕ್ಕಿಗೆ ಹೋದರೂ ಬಾಗಿಲಲ್ಲೇ ಹೇಳಿ: “ನನಗೆ ತೂಕ ಇಳಿಸುವ ಸರ್ಜರಿ ಆಗಿದೆ, ಇಷ್ಟು ದಿನದಿಂದ ವಾಂತಿ ಆಗುತ್ತಿದೆ, ಡ್ರಿಪ್ ಹಾಕುವ ಮೊದಲು ಥಯಮಿನ್ ಬೇಕೇ ನೋಡಿ.” ಈ ಒಂದು ವಾಕ್ಯ ಒಬ್ಬರ ಮಿದುಳನ್ನು ಉಳಿಸಬಹುದು.

ಹಳೆಯ ಮಾತ್ರೆಗಳ ಕಥೆ ಏನು?

ಸರ್ಜರಿ ಆದ ಕೆಲವೇ ದಿನದಲ್ಲಿ ಸಕ್ಕರೆ ಕಾಯಿಲೆ ಹಿಡಿತಕ್ಕೆ ಬರತೊಡಗುತ್ತದೆ. ತೂಕ ಇಳಿಯುವ ಮೊದಲೇ ಹೀಗಾಗುವುದುಂಟು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆಯನ್ನು ಹಳೆಯ ಪ್ರಮಾಣದಲ್ಲೇ ಮುಂದುವರಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಬಿಪಿ ಮಾತ್ರೆಯದೂ ಹೀಗೆಯೇ. ಹಾಗೆಂದು ನೀವೇ ನಿಲ್ಲಿಸಬೇಡಿ. ಮನೆಯಲ್ಲಿ ಅಳೆದು ಬರೆದಿಟ್ಟು, ಡಿಸ್ಚಾರ್ಜ್ ಚೀಟಿಯಲ್ಲಿ ಹೇಳಿದಂತೆ ವೈದ್ಯರ ಜೊತೆ ಮಾತಾಡಿ ಬದಲಿಸಿ.

ತಲೆನೋವು, ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಬೇಡ. ಹೊಸ ಜೋಡಣೆಯ ಜಾಗದಲ್ಲಿ ಹುಣ್ಣಾಗಿ ರಕ್ತ ಸೋರಬಹುದು. ಬೈಪಾಸ್ ಆದವರಿಗೆ ಈ ಎಚ್ಚರಿಕೆ ಜೀವನಪೂರ್ತಿ. ಬೀಡಿ, ಸಿಗರೇಟೂ ಇದೇ ಹುಣ್ಣಿಗೆ ದಾರಿ. ಮದ್ಯವಂತೂ ಸರ್ಜರಿಯ ನಂತರ ಮೊದಲಿಗಿಂತ ಬೇಗ ರಕ್ತಕ್ಕೆ ಸೇರಿ ಹೆಚ್ಚು ಅಮಲು ತರುತ್ತದೆ, ಚಟವಾಗುವ ಅಪಾಯವೂ ಹೆಚ್ಚು.

ಕೂದಲು ಉದುರಿದರೆ?

ಮೂರರಿಂದ ಆರು ತಿಂಗಳ ನಡುವೆ ಬಾಚಣಿಗೆ ತುಂಬ ಕೂದಲು ಬರುವುದನ್ನು ನೋಡಿ ಅತ್ತವರಿದ್ದಾರೆ. ದೊಡ್ಡ ಆಪರೇಷನ್, ವೇಗವಾಗಿ ಇಳಿಯುವ ತೂಕ, ಇವೆರಡರ ಒತ್ತಡಕ್ಕೆ ಅನೇಕ ಕೂದಲುಗಳು ಒಟ್ಟಿಗೇ ವಿಶ್ರಾಂತಿಯ ಹಂತಕ್ಕೆ ಹೋಗಿ, ತಿಂಗಳುಗಳ ನಂತರ ಒಟ್ಟಿಗೇ ಉದುರುತ್ತವೆ. ಹೆರಿಗೆಯ ನಂತರ, ಜೋರು ಜ್ವರದ ನಂತರ ಉದುರುವುದೂ ಹೀಗೆಯೇ. ಬೇರು ಸತ್ತಿರುವುದಿಲ್ಲ, ಸಾಮಾನ್ಯವಾಗಿ ಮತ್ತೆ ಹುಟ್ಟುತ್ತದೆ. ಪ್ರೋಟೀನ್, ಕಬ್ಬಿಣ, ಸತು ಸಾಲುತ್ತಿದೆಯೇ ನೋಡಿಕೊಳ್ಳಿ. ಒಂದು ವರ್ಷ ಕಳೆದರೂ ನಿಲ್ಲದಿದ್ದರೆ ರಕ್ತ ಪರೀಕ್ಷೆ ಮಾಡಿಸಿ.

ಮಾತ್ರೆ ಎಷ್ಟು ದಿನ?

ಜೀವನಪೂರ್ತಿ. ಬಿ12 ವಿಟಮಿನ್ನನ್ನು ದೇಹ ಹೀರಿಕೊಳ್ಳಲು ಜಠರದ ಆಮ್ಲ ಮತ್ತು ಅಲ್ಲೇ ತಯಾರಾಗುವ ಒಂದು ಪ್ರೋಟೀನ್ ಬೇಕು. ಈಗ ಎರಡೂ ಕಡಿಮೆ. ಮೊದಲ ವರ್ಷ ಏನೂ ಗೊತ್ತಾಗದೇ ಇರಬಹುದು, ಏಕೆಂದರೆ ಪಿತ್ತಜನಕಾಂಗದಲ್ಲಿ ವರ್ಷಗಟ್ಟಲೆ ಸಾಲುವಷ್ಟು ಬಿ12 ಸಂಗ್ರಹ ಇರುತ್ತದೆ. “ಮಾತ್ರೆ ಬಿಟ್ಟೆ, ಏನೂ ಆಗಲಿಲ್ಲ” ಎಂದು ಹೇಳುವವರು ಆ ಉಳಿತಾಯವನ್ನು ಖರ್ಚು ಮಾಡುತ್ತಿರುತ್ತಾರೆ. ಅದು ಮುಗಿದಾಗ ಪಾದ ಜುಮ್ಮೆನ್ನುವುದು, ಸುಸ್ತು, ಮರೆವು ಶುರುವಾಗುತ್ತದೆ. ತಡವಾದರೆ ನರಗಳಿಗೆ ಆದ ಹಾನಿ ಪೂರ್ತಿ ಸರಿಯಾಗದೇ ಇರಬಹುದು. ಸಸ್ಯಾಹಾರಿಗಳಿಗೆ ಬಿ12 ಸಿಗುವುದು ಹಾಲು, ಮೊಸರಿನಿಂದ ಮಾತ್ರ, ಹಾಗಾಗಿ ಅವರು ಇನ್ನೂ ಜಾಗ್ರತೆ ವಹಿಸಬೇಕು.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆಯ ಹಿಂದೆಯೇ ಕಾಫಿ, ಟೀ ಬೇಡ, ಕಬ್ಬಿಣ ಹೀರಿಕೊಳ್ಳುವುದಕ್ಕೆ ಅವು ಅಡ್ಡಿ. ಮೊದಲ ವರ್ಷ ಮೂರು, ಆರು, ಹನ್ನೆರಡನೇ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಇರಲಿ. ಹೆಣ್ಣುಮಕ್ಕಳಿಗೆ ಒಂದು ಮಾತು: ತೂಕ ಇಳಿದಾಗ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ. ಆದರೆ 12ರಿಂದ 18 ತಿಂಗಳು ಗರ್ಭಧಾರಣೆ ಮುಂದೂಡಬೇಕು. ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆ ಸರಿಯಾಗಿ ಹೀರಿಕೆಯಾಗದೇ ಇರಬಹುದು, ಬೇರೆ ವಿಧಾನದ ಬಗ್ಗೆ ಕೇಳಿ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ

ತೂಕ ಇಳಿಸುವ ಸರ್ಜರಿ ಆದವರು ಮನೆಯಲ್ಲಿದ್ದರೆ, ಈ ಕೆಳಗಿನ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

• ಸುಮ್ಮನೆ ಕುಳಿತಾಗಲೂ ನಾಡಿ 120 ದಾಟಿರುವುದು
• ಜ್ವರ, ಚಳಿ, ಹೆಚ್ಚುತ್ತಲೇ ಹೋಗುವ ಹೊಟ್ಟೆ ನೋವು
• ಉಸಿರು ಕಟ್ಟುವುದು, ಎದೆ ನೋವು, ಒಂದೇ ಕಾಲು ಊದುವುದು
• ಇಡೀ ದಿನ ನೀರೂ ಹೊಟ್ಟೆಯಲ್ಲಿ ನಿಲ್ಲದಿರುವುದು
• ರಕ್ತ ವಾಂತಿ, ಟಾರಿನಂಥ ಕಪ್ಪು ಮಲ (ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗಬಹುದು, ಆದರೂ ವೈದ್ಯರಿಗೆ ತಿಳಿಸಿ)
• ಎರಡೆರಡು ಕಾಣುವುದು, ತೂರಾಡುವುದು, ಗೊಂದಲದ ಮಾತು

ಭುಜದ ಗ್ಯಾಸ್ ನೋವು, ಮೊದಲ ವಾರಗಳ ಸುಸ್ತು, ಮಲಬದ್ಧತೆ, ಚಳಿ ಹೆಚ್ಚು ಅನಿಸುವುದು, ಕೂದಲು ಉದುರುವುದು, ನಡುವೆ ಎರಡು ಮೂರು ವಾರ ತೂಕ ಇಳಿಯದೇ ನಿಲ್ಲುವುದು ಸಾಮಾನ್ಯ. ಮುಂದಿನ ಭೇಟಿಯಲ್ಲಿ ಕೇಳಿದರೆ ಸಾಕು.

ಇನ್ನು ನೆಂಟರಿಷ್ಟರಲ್ಲಿ ನಮ್ಮ ಕೋರಿಕೆ ಒಂದೇ. ಮದುವೆ ಊಟದಲ್ಲಿ ಅವರು ಎರಡು ತುತ್ತಿಗೆ ಕೈ ತೊಳೆದರೆ “ಇಷ್ಟೇನಾ?” ಎನ್ನಬೇಡಿ. ಮಾತ್ರೆ ತಗೊಂಡೆಯಾ, ನೀರು ಕುಡಿದೆಯಾ ಎಂದು ಕೇಳಿ. ನೀವು ಮಾಡಬಹುದಾದ ಉಪಚಾರ ಅದೇ.